ಸುಮ್ಮನಿದ್ದರೆ ಲಾಭಾಂಶ

ವಕೀಲ ಪಿಟ್‌ಕೆತ್ಲಿ ಮೂರನೆಯ ಸಲ ವಿವರಿಸಿದಾಗ ಮೊಯ್ರಾಗೆ ಎಲ್ಲವೂ ಅರ್ಥವಾಯಿತು. ಆ ಅರ್ಥ ಅವನ ಕಚೇರಿಯ ಮೆಟ್ಟಿಲಿಳಿದು ಬಸ್ ನಿಲ್ದಾಣದವರೆಗೆ ಅವಳ ಜೊತೆಯಲ್ಲೇ ಬಂತು. ಬಸ್ಸು ಹತ್ತಿ, ಚಾಲಕನಿಗೆ ಬ್ರಾಟಿ ಫೆರಿ ಎಂದು ಹೇಳಿ, ಚಿಲ್ಲರೆ ಎಣಿಸಿ ಕೂತು ನೋಡುತ್ತಾಳೆ, ಅದು ಎಲ್ಲೋ ಇಳಿದುಹೋಗಿತ್ತು.

ಕಿಟಕಿಗೆ ಹಣೆಯಾನಿಸಿ ಮತ್ತೆ ಮೊದಲಿನಿಂದ ಹೇಳಿಕೊಂಡಳು. ಗಂಡ ರಾನಲ್ಡ್ ಗೆಲ್ಲಟ್ಲಿ ಬರೆದಿಟ್ಟ ಉಯಿಲಿನ ಪ್ರಕಾರ ಲಿಂಟ್ರೇಥನ್ ಟ್ರಸ್ಟ್ ಎಂಬ ಹೂಡಿಕೆ ಕಂಪನಿಯ ಷೇರುಗಳ ಹುಟ್ಟುವಳಿ ಅವಳು ಬದುಕಿರುವ ತನಕ ಅವಳಿಗೆ. ಅಸಲು ಅವನ ಮೊದಲ ಹೆಂಡತಿಯ ಮಗ ಗ್ರೆಗರ್‌ಗೆ, ಮೊಯ್ರಾ ಕಾಲವಾದ ಮೇಲೆ. ಮನೆಯೂ ಹಾಗೆಯೇ. ಅವಳು ಇರಬಹುದು, ಮಾರುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಇಬ್ಬರದ್ದೂ ಸೇರಿ, ಯಾವ ಕಾಗದ ಹೋಗಬೇಕಾದರೂ ಇಬ್ಬರ ಸಹಿ ಬೇಕು. ಆ ಕಡೆ ಎರಡನೆಯ ಮದುವೆಯಾದ ಗಂಡಸರೆಲ್ಲ ಬರೆಯುವ ಉಯಿಲೇ ಅದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ನಂಬಿ ರಾನಲ್ಡ್ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದ.

ಇಷ್ಟು ವರ್ಷ ಹಾವೂ ಕೋಲೂ ಒಂದೇ ಮೂಲೆಯಲ್ಲಿ ಜಗಳವಿಲ್ಲದೆ ಮಲಗಿದ್ದವು. ವಸಂತದಲ್ಲೊಂದು ಸಣ್ಣ ಲಾಭಾಂಶ, ಶರತ್ಕಾಲದಲ್ಲೊಂದು. ಒಂದರಲ್ಲಿ ಬಾಯ್ಲರ್ ರಿಪೇರಿಯಾದರೆ ಇನ್ನೊಂದರಲ್ಲಿ ಬೂಟು. ಈಗ ಲಿಂಟ್ರೇಥನ್ನಿನವರು ತಾವು ಬಹುಕಾಲದಿಂದ ಇಟ್ಟುಕೊಂಡಿದ್ದ ಯಾವುದೋ ಅಮೆರಿಕದ ಕಂಪನಿಯ ಪಾಲನ್ನು ಮಾರಿ ಬೆಟ್ಟದಷ್ಟು ದುಡ್ಡು ಮಾಡಿಕೊಂಡಿದ್ದರು. ಟ್ರಸ್ಟಿನ ಒಟ್ಟು ಆಸ್ತಿಯಲ್ಲಿ ಕಾಲು ಭಾಗವನ್ನು ಷೇರುದಾರರಿಗೆ ವಾಪಸು ಕೊಡುತ್ತೇವೆ ಎಂದು ಪತ್ರ ಬರೆದಿದ್ದರು. ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ: ವಿಶೇಷ ಲಾಭಾಂಶ, ಅಥವಾ ಷೇರುಗಳ ಮರುಖರೀದಿ.

"ನೋಡಿ ಮಿಸೆಸ್ ಗೆಲ್ಲಟ್ಲಿ," ಎಂದಿದ್ದ ಪಿಟ್‌ಕೆತ್ಲಿ, "ಕಂಪನಿ ಅದನ್ನ ಲಾಭಾಂಶ ಅಂತ ಕೊಟ್ರೆ ಅದು ಹುಟ್ಟುವಳಿ. ನಿಮ್ಮದು. ನಿಮ್ಮ ಷೇರಲ್ಲಿ ಒಂದಷ್ಟನ್ನ ವಾಪಸ್ ಕೊಂಡ್ಕೊಂಡು ದುಡ್ಡು ಕೊಟ್ರೆ ಅದು ಅಸಲು. ಗ್ರೆಗರ್‌ದು. ಅದರ ಬಡ್ಡಿ ಮಾತ್ರ ನಿಮಗೆ."

"ಅದೇ ದುಡ್ಡಾ?"

"ಅದೇ ದುಡ್ಡು."

"ಅದೇ ಪೆಟ್ಟಿಗೆಯಿಂದ ತೆಗೆಯೋದು?"

"ಅದೇ ಪೆಟ್ಟಿಗೆ."

"ಮತ್ತೆ ಕರೆಯೋ ಹೆಸರು ಬೇರೆ ಅಂದ ಮಾತ್ರಕ್ಕೆ ಯಜಮಾನರೂ ಬೇರೆ ಆಗ್ಬಿಡ್ತಾರಾ?"

"ಕಾನೂನು ಹೆಸರನ್ನೇ ನೋಡೋದು. ನನ್ನ ಹೆಸರು ಪಿಟ್‌ಕೆತ್ಲಿ ಅಂತ ಇರೋದಕ್ಕೇ ಈ ಕುರ್ಚಿ ಸಿಕ್ಕಿದ್ದು, ನಮ್ಮಪ್ಪನ ಕಚೇರಿ ಇದು."

"ಹಾಗಾದ್ರೆ ಯಾವುದನ್ನ ಆರಿಸ್ಲಿ ಹೇಳಿ."

"ಅದೊಂದನ್ನ ಕೇಳಬೇಡಿ. ನಿಮಗೆ ಹೇಳಿದ್ರೆ ಅವನಿಗೆ ಅನ್ಯಾಯ, ಅವನಿಗೆ ಹೇಳಿದ್ರೆ ನಿಮಗೆ. ಇಬ್ಬರೂ ನನ್ನ ಕಕ್ಷಿದಾರರು. ಹೊಣೆ ಹೊತ್ತವರು ಇಬ್ಬರ ಹಿತವನ್ನೂ ಸಮನಾಗಿ ನೋಡ್ಬೇಕು."

"ಆ ಹೊಣೆ ಹೊತ್ತವಳು ನಾನೇ ಅಲ್ವಾ?"

"ಹೌದು."

"ಅಂದ್ರೆ ನಾನು ನನ್ನನ್ನೂ ಅವನನ್ನೂ ಸಮನಾಗಿ ನೋಡ್ಬೇಕು. ದೂರದಲ್ಲಿ ನಿಂತ್ಕೊಂಡು."

"ಸರಿಯಾಗಿ ಹೇಳಿದ್ರಿ. ಕಷ್ಟ ಅನ್ಸಿದ್ರೆ ಒಬ್ಬೊಬ್ರು ಒಬ್ಬೊಬ್ಬ ವಕೀಲನ್ನ ಇಟ್ಕೊಳ್ಳಿ."

"ಆಗ ಅದು ಹುಟ್ಟುವಳಿಯೂ ಅಲ್ಲ, ಅಸಲೂ ಅಲ್ಲ, ವಕೀಲರ ಪಾಲು."

ಪಿಟ್‌ಕೆತ್ಲಿ ನಗಲೋ ಬೇಡವೋ ಎನ್ನುವಂತೆ ನಕ್ಕ. ಬಾಗಿಲ ಬಳಿ ಅವಳು ತಿರುಗಿ, ಏನೂ ಮಾಡದೆ ಇದ್ದರೆ ಏನಾಗುತ್ತದೆ ಎಂದು ಕೇಳಿದಳು. ಕೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

"ಇಬ್ಬರೂ ಸಹಿ ಮಾಡಿ ಮರುಖರೀದಿ ಬೇಕು ಅಂತ ಕಳಿಸಿದ್ರೆ ಮಾತ್ರ ಮರುಖರೀದಿ," ಎಂದ ಅವನು ಕನ್ನಡಕ ಒರೆಸುತ್ತ. "ಸುಮ್ಮನಿದ್ರೆ ತಾನಾಗೇ ಲಾಭಾಂಶ."

ಸುಮ್ಮನಿದ್ದರೆ ಅವಳಿಗೆ, ಸಹಿ ಬಿದ್ದರೆ ಅವನಿಗೆ. ಬಸ್ಸಿನಿಂದ ಇಳಿದುಹೋದದ್ದು ಇದಲ್ಲ. ಇದು ಗಟ್ಟಿಯಾಗಿ ಕೂತೇ ಇತ್ತು. ಇಳಿದುಹೋದದ್ದು, ಹಾಗೇಕೆ ಎಂಬುದು.

*

ಬ್ರಾಟಿ ಫೆರಿಯಲ್ಲಿ ನದಿ ಮುಗಿದು ಕಡಲು ಶುರುವಾಗುವ ಕಡೆ, ದಂಡೆಯ ರಸ್ತೆಯ ಮೇಲೆ, ನೆಟ್ಟಿ ಲೋ ಎಂಬವಳ ಹಸಿರು ಬಣ್ಣದ ಗೂಡಂಗಡಿ ಇತ್ತು. ಬೇಕನ್ ರೋಲ್, ಬೇಳೆ ಸೂಪು, ಟೀ. ಚಳಿಗಾಲದಲ್ಲೂ ನೀರಿಗಿಳಿಯುವ ಹುಚ್ಚರ ಗುಂಪೊಂದು ಆ ಊರಲ್ಲಿತ್ತು. ನಿವೃತ್ತ ಮೇಷ್ಟ್ರುಗಳು, ದಾದಿಯರು, ಒಬ್ಬ ಪಾದ್ರಿ. ನೀಲಿ ತುಟಿ ಮಾಡಿಕೊಂಡು ಅವರು ಮೇಲೆ ಬಂದಾಗ ಕಪ್ಪು ಹಿಡಿಯುವ ಶಕ್ತಿಯೂ ಬೆರಳಿನಲ್ಲಿ ಉಳಿದಿರುತ್ತಿರಲಿಲ್ಲ. ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಯ್ರಾ ಕಿಟಕಿಯಿಂದ ಬಾಗಿ ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಕಪ್ಪಿನ ಸುತ್ತ ಇಡುತ್ತಿದ್ದಳು. ಅವಳಿಗೆ ಬರುವ ಕೆಲಸವೆಂದರೆ ಅದು. ಅದು ಕೆಲಸವೆಂದು ಯಾರೂ ಎಲ್ಲೂ ಬರೆದಿರಲಿಲ್ಲ, ಅಷ್ಟೇ.

ನೆಟ್ಟಿಗೆ ಮಂಡಿ ಕೈಕೊಟ್ಟಿತ್ತು. ಅಂಗಡಿ ಮಾರಿ ನದಿಯಾಚೆ ಫೈಫ್‌ನಲ್ಲಿರುವ ಮಗಳ ಮನೆಗೆ ಹೋಗುವವಳಿದ್ದಳು. ಎಡಿನ್‌ಬರೋದಿಂದ ಒಬ್ಬ ಹುಡುಗ ಬಂದು ಅಳತೆ ಮಾಡಿಕೊಂಡು ಹೋಗಿದ್ದ.

"ಬೀಟ್‌ರೂಟ್ ಹಾಕಿ ಕಾಫಿ ಮಾಡ್ತಾನಂತೆ," ಎಂದಳು ನೆಟ್ಟಿ. "ನನ್ನ ಸೂಪು ಕುಡಿದು, ಇದೊಂದು ಒಳ್ಳೆ ಪರಿಕಲ್ಪನೆ ಅಂದ. ಸೂಪಿಗೆ ಹಾಗಂತಾರೇನೇ? ನಿನ್ನನ್ನ ಕೆಲಸಕ್ಕೆ ಇಟ್ಕೊಳ್ತಾನಾ ಅಂತ ಕೇಳಿದ್ರೆ, ವಯಸ್ಸೆಷ್ಟು ಅಂದ."

"ಎಷ್ಟು ಅಂದೆ?"

"ನೀರಿಗಿಳಿಯೋಷ್ಟಲ್ಲ, ಸಾಯೋಷ್ಟೂ ಅಲ್ಲ ಅಂದೆ. ನಗಲಿಲ್ಲ ಮುಂಡೇದು." ನೆಟ್ಟಿ ಕಾವಲಿಯ ಮೇಲಿನ ಬೇಕನ್ ಮಗುಚಿದಳು. "ನೀನು ತಗೊಳ್ಳೋದಾದ್ರೆ ಅವನಿಗೆ ಕೊಡೋದಕ್ಕಿಂತ ಕಡಿಮೆಗೆ ಕೊಡ್ತೀನಿ. ತಿಂಗಳ ಕೊನೆ ತನಕ ಕಾಯ್ತೀನಿ. ಆಮೇಲೆ ನನ್ನ ಬಯ್ಬೇಡ."

ಅರವತ್ತರ ಹತ್ತಿರದ, ಸ್ವಂತ ಮನೆಯಿಲ್ಲದ ಹೆಂಗಸಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಮೊಯ್ರಾ ಕೇಳಿ ನೋಡಿದ್ದಳು. ಆದರೆ ಆ ವಿಶೇಷ ಲಾಭಾಂಶದಿಂದ ತೆರಿಗೆ ಕಳೆದರೆ ಉಳಿಯುವುದು ಹತ್ತಿರ ಹತ್ತಿರ ಗೂಡಂಗಡಿಯ ಬೆಲೆ. ಬೇಕೆಂದೇ ಯಾರೋ ಅಳೆದು ಕತ್ತರಿಸಿದ ಹಾಗೆ. ಅದೇ ಅವಳಿಗೆ ಭಯ ಹುಟ್ಟಿಸಿದ್ದು.

ಎಲ್ಲವನ್ನೂ ಕೇಳಿ ನೆಟ್ಟಿ ಕೈಯೊರೆಸಿಕೊಂಡಳು. "ಇದರಲ್ಲಿ ಗೊಂದಲ ಏನಿದೆ? ಸುಮ್ಮನಿರೋದು ಅಷ್ಟು ಕಷ್ಟಾನಾ? ನನ್ನ ಗಂಡ ಮದುವೆಯಾದಾಗಿಂದ ಸುಮ್ಮನಿದ್ದ. ಅವನಿಗೇನು ಕಮ್ಮಿಯಾಯ್ತು?"

*

ಭಾನುವಾರ ಗ್ರೆಗರ್ ಊಟಕ್ಕೆ ಬಂದ. ನಲವತ್ತು ದಾಟಿದ ಗಂಡಸು. ಕೌನ್ಸಿಲಿನ ಉಪ್ಪಿನ ಲಾರಿ ಓಡಿಸುತ್ತಿದ್ದ. ರಸ್ತೆಯ ಮೇಲೆ ಮಂಜು ಗಟ್ಟಿಯಾಗದ ಹಾಗೆ ಆಂಗಸ್ ಸೀಮೆಯ ಉದ್ದಕ್ಕೂ ಉಪ್ಪು ಎರಚುವುದು ಅವನ ಕೆಲಸ. ಮೊಯ್ರಾ ಈ ಮನೆಗೆ ಬಂದಾಗ ಅವನಿಗೆ ಹದಿನೈದು. ಮೊದಲ ಚಳಿಗಾಲವಿಡೀ ನಾಯಿಯ ಮೂಲಕವೇ ಅವಳೊಂದಿಗೆ ಮಾತಾಡಿದ್ದ. "ಇನ್ನೊಂದು ಆಲೂಗಡ್ಡೆ ಬೇಕು ಅಂತ ಅವಳಿಗೆ ಹೇಳು," ಎಂದು ನಾಯಿಗೆ ಹೇಳುತ್ತಿದ್ದ. ಈಗ ನಾಯಿಯೂ ಇಲ್ಲ, ರಾನಲ್ಡನೂ ಇಲ್ಲ. ಅವನು ಮಾತ್ರ ತಪ್ಪದೆ ಬರುತ್ತಾನೆ, ಕೊಚ್ಚಿದ ಮಾಂಸ ಮತ್ತು ಆಲೂಗಡ್ಡೆಗೆ. ಏಕೆ ಬರುತ್ತಾನೆಂದು ಅವಳು ಕೇಳಿಲ್ಲ.

"ಲಿಂಟ್ರೇಥನ್ನಿಂದ ಪತ್ರ ಬಂದಿದೆ ಕಣೋ," ಎಂದಳು.

"ನಂಗೂ ಒಂದು ಪ್ರತಿ ಬಂತು. ಇಷ್ಟು ದಪ್ಪ. ಕುರ್ಚಿ ಕಾಲು ಅಲ್ಲಾಡ್ತಿತ್ತು, ಅಡಿಗಿಟ್ಟೆ."

"ಅದರಲ್ಲಿ ಎರಡು ದಾರಿ ಇದೆ. ಒಂದರಲ್ಲಿ ನಮ್ಮ ಷೇರಲ್ಲಿ ಕಾಲು ಭಾಗ ಅವರೇ ಕೊಂಡ್ಕೊಳ್ತಾರೆ..."

"ಮಾರೋದಾ?" ಗ್ರೆಗರ್ ಮುಳ್ಳುಚಮಚ ಕೆಳಗಿಟ್ಟ. "ಲಿಂಟ್ರೇಥನ್ನಾ?"

ಅವಳಿಗೆ ಗೊತ್ತಿರಬೇಕಾಗಿತ್ತು. ಆ ಷೇರುಗಳು ಮೂಲತಃ ರಾನಲ್ಡನದ್ದಲ್ಲ, ಮೊದಲ ಹೆಂಡತಿ ಮಾರ್ಜರಿಯದ್ದು. ಅವಳಿಗೆ ಅವಳ ತಾತ ಕಿಡ್‌ನಿಂದ ಬಂದದ್ದು. ಕಿಡ್ ತಾತ ಕಲ್ಕತ್ತೆಯ ಹತ್ತಿರ ಹೂಗ್ಲಿ ದಂಡೆಯ ಸೆಣಬಿನ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದು, ಚಳಿಜ್ವರವನ್ನೂ ಸ್ವಲ್ಪ ದುಡ್ಡನ್ನೂ ಹೊತ್ತುಕೊಂಡು ಡಂಡೀಗೆ ಮರಳಿ, ದುಡ್ಡನ್ನು ಲಿಂಟ್ರೇಥನ್ನಿಗೆ ಹಾಕಿದ್ದ. ಅವನು ಮನೆಯವರಿಗೆ ಹೇಳುತ್ತಿದ್ದದ್ದು ಒಂದೇ: ಮನೆ ಮಾರಿ, ಪಿಯಾನೋ ಮಾರಿ, ಬಾಯಲ್ಲಿರೋ ಚಿನ್ನದ ಹಲ್ಲು ಮಾರಿ, ಲಿಂಟ್ರೇಥನ್ ಮಾತ್ರ ಮಾರಬೇಡಿ. ಆ ಕುಟುಂಬದಲ್ಲಿ ಪ್ರಾರ್ಥನೆ ಮರೆತವರಿದ್ದರು, ಇದನ್ನು ಮರೆತವರಿರಲಿಲ್ಲ. ಮಾರ್ಜರಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಗನಿಗೆ ಹೇಳಿದ ಕೊನೆಯ ಮಾತುಗಳಲ್ಲಿ ಇದೂ ಒಂದಂತೆ. ಇನ್ನೊಂದು, ಕಿವಿ ತೊಳೆದುಕೋ ಎಂಬುದು.

"ಒಂದು ಷೇರೂ ಮಾರಲ್ಲ," ಎಂದ ಗ್ರೆಗರ್. "ಬೇಕಾದ್ರೆ ಬರ್ಕೊಡ್ತೀನಿ."

"ಮಾರದೆ ಇದ್ರೆ ಆ ದುಡ್ಡು ನನಗೆ ಬರತ್ತೆ."

"ಬರಲಿ. ಲಾಭಾಂಶ ಯಾವತ್ತೂ ನಿಂದೇ ತಾನೆ."

"ಇದು ದೊಡ್ಡದು ಗ್ರೆಗರ್."

"ದೊಡ್ಡದಾದ್ರೆ ದೊಡ್ಡ ಕೋಳಿ ತಗೊಂಡು ಬಾ ಮುಂದಿನ ವಾರ."

ಅಲ್ಲಿಗೆ ಅವಳು ಬಿಟ್ಟಳು. ಕಸ್ಟರ್ಡ್ ಬಿಸಿ ಮಾಡಲು ಒಳಗೆ ಹೋದಳು, ತಳ ಹಿಡಿಯದಂತೆ ತಿರುವುತ್ತ ನಿಂತಳು. ಹೇಳಿದ್ದಾಯಿತು. ನಿಜ ಹೇಳಿದ್ದಾಯಿತು, ಅವನು ಕೇಳಿದ್ದೂ ಆಯಿತು. ಹಾಗಾದರೆ ಯಾವುದನ್ನು ಹೇಳಿಲ್ಲ ಎನಿಸುತ್ತಿದೆ? ಅವನು ತನ್ನದನ್ನು ಕಾಯುತ್ತಿದ್ದೇನೆ ಎಂದುಕೊಂಡು ಬಾಗಿಲು ಭದ್ರಪಡಿಸುತ್ತಿದ್ದಾನೆ, ಮನೆಯ ಸಾಮಾನು ಹಿತ್ತಿಲಿನಿಂದ ಹೋಗುತ್ತಿದೆ. ಹಿತ್ತಿಲಲ್ಲಿ ನಿಂತಿರುವವಳು ತಾನು. ಆದರೆ ಹಾಗೆ ಹೇಳಲು ತನಗೇ ಖಚಿತವಿತ್ತೇ? ಕಾಲು ಭಾಗ ದುಡ್ಡು ಆಚೆ ಹೋದ ಮೇಲೂ ಷೇರುಗಳು ಎಣಿಕೆಗೆ ಅಷ್ಟೇ ಇರುತ್ತವಲ್ಲ, ಅವನಿಗೆ ನಿಜಕ್ಕೂ ಕಮ್ಮಿಯಾಗುವುದೇನು? ಪಿಟ್‌ಕೆತ್ಲಿ ಹೇಳಿದ್ದ, ಖಂಡಿತ ಹೇಳಿದ್ದ. ನೆನಪಿಗೆ ಬರಲಿಲ್ಲ. ಕಸ್ಟರ್ಡ್ ತಳ ಹಿಡಿಯಿತು.

*

ಅದಕ್ಕೇ ಅವಳು ಷೇರುದಾರರ ಸಭೆಗೆ ಹೋದಳು. ಡಂಡೀಯಲ್ಲಿ, ನದಿಯ ಕಡೆ ಮುಖ ಮಾಡಿದ ಹೋಟೆಲಿನಲ್ಲಿ ಸಭೆ. ಉಣ್ಣೆ ಕೋಟಿನ ಮುದುಕ ಮುದುಕಿಯರು ಬೇಗ ಬಂದು ಬಾಗಿಲ ಹತ್ತಿರದ ಕುರ್ಚಿಗಳನ್ನೇ ಹಿಡಿದಿದ್ದರು. ಸ್ಯಾಂಡ್‌ವಿಚ್ ಇಟ್ಟಿದ್ದು ಬಾಗಿಲಾಚೆ. ಬೆಣ್ಣೆ ಬಿಸ್ಕತ್ತುಗಳು ಸಭೆ ಶುರುವಾಗುವ ಮೊದಲೇ ಕೈಚೀಲಗಳಿಗೆ ಇಳಿಯುತ್ತಿದ್ದವು. ಅದಕ್ಕೆ ಯಾರೂ ಕದಿಯುವುದು ಎನ್ನುತ್ತಿರಲಿಲ್ಲ. ನಮ್ಮ ಟ್ರಸ್ಟಿನ ಬಿಸ್ಕತ್ತು, ನಾವೇ ಯಜಮಾನರು.

ಅಧ್ಯಕ್ಷ ತೆಳ್ಳಗಿನ ಮನುಷ್ಯ. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿ, ಪ್ರಶ್ನೆಗಳಿವೆಯೇ ಎಂದ. ಮೊಯ್ರಾ ಕೈಯೆತ್ತಿದಳು. ಮೈಕು ಕೈಗೆ ಬಂದಾಗ ಅದು ಅಷ್ಟು ಭಾರವಿರುತ್ತದೆಂದು ಅವಳು ಎಣಿಸಿರಲಿಲ್ಲ.

"ಏನೂ ಮಾಡದೆ ಇದ್ರೆ ಏನಾಗತ್ತೆ?"

"ವಿಶೇಷ ಲಾಭಾಂಶ ಪಡೆಯುತ್ತೀರಿ ಮೇಡಂ. ಷೇರಿನ ಬೆಲೆ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ."

"ಹೊಂದಿಕೊಳ್ಳೋದು ಅಂದ್ರೆ?"

"ಅಂದರೆ, ಸರಿಹೋಗುತ್ತದೆ."

"ಮೇಲಕ್ಕೆ ಸರಿಹೋಗತ್ತಾ, ಕೆಳಕ್ಕಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷ ನೀರು ಕುಡಿದ. "ಕೆಳಕ್ಕೆ, ಮೇಡಂ. ಕೊಟ್ಟ ಮೊತ್ತದಷ್ಟು."

ಅವಳು ಕೂತಳು. ಪಕ್ಕದಲ್ಲಿದ್ದ ಮುದುಕ, ಹಿಂದೆ ದಂತವೈದ್ಯನಾಗಿದ್ದನಂತೆ, ಬಿಸ್ಕತ್ತು ಮುರಿದು ಅರ್ಧ ಅವಳಿಗೆ ಕೊಟ್ಟ. "ಒಳ್ಳೆ ಪ್ರಶ್ನೆ. ಆದ್ರೆ ಮರುಖರೀದಿ ತಗೊಳ್ಳಿ ತಾಯಿ. ಇವರ ಷೇರಿನೊಳಗೆ ನೂರು ಪೆನ್ಸಿನ ಆಸ್ತಿ ಇದ್ರೆ ಸಂತೇಲಿ ಎಂಬತ್ತೈದಕ್ಕೆ ಕೇಳ್ತಾರೆ. ಈಗ ಇವರೇ ತೊಂಬತ್ತೆಂಟು ಕೊಡ್ತಿದ್ದಾರೆ. ಮಾರಿದೋರಿಗೂ ಲಾಭ, ಎರಡು ಪೆನ್ಸು ಒಳಗೇ ಉಳೀತಲ್ಲ, ಉಳಿದೋರಿಗೂ ಲಾಭ."

"ನಷ್ಟ ಯಾರಿಗೆ?"

"ಅದನ್ನ ಕೇಳಬಾರದು. ಕೇಳಿದ್ರೆ ಸ್ಯಾಂಡ್‌ವಿಚ್ ರುಚಿಸಲ್ಲ."

"ಅಸಲು ಒಬ್ಬರದ್ದು, ಹುಟ್ಟುವಳಿ ಇನ್ನೊಬ್ಬರದ್ದು ಆಗಿದ್ರೆ?"

ಮುದುಕ ಅಗಿಯುವುದನ್ನು ನಿಲ್ಲಿಸಿದ. "ಓ. ಆ ಥರದ ಉಯಿಲಾ? ಹಾಗಾದ್ರೆ ಲಾಭಾಂಶ ತಗೊಂಡೋರು ಇನ್ನೊಬ್ಬರ ಮರದ ಕೊಂಬೆ ಕಡಿದು ಹಣ್ಣು ಅಂತ ತಿಂದ ಹಾಗೆ. ಕಾನೂನಿಗೆ ಅದು ಹಣ್ಣೇ, ಅದು ಬೇರೆ ಮಾತು." ಅವಳ ಮುಖ ನೋಡಿದ. "ನೀವು ಯಾರು? ಮರದ ಕಡೆಯೋರಾ, ಹಣ್ಣಿನ ಕಡೆಯೋರಾ?"

"ಹಣ್ಣಿನ ಕಡೆ."

"ಮತ್ತೆ ಮೈಕು ಹಿಡ್ಕೊಂಡು ಯಾಕಮ್ಮ ಕೂಗ್ತೀರಿ? ಸುಮ್ನಿರಿ," ಎಂದು ಅವನು ಸ್ಯಾಂಡ್‌ವಿಚ್ ಕಡೆಗೆ ಎದ್ದುಹೋದ.

ಎಲ್ಲರೂ ಅದನ್ನೇ ಹೇಳುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ತೋಚಿದ್ದು, ಸುಮ್ಮನಿರುವುದಕ್ಕೂ ಒಂದು ಸಹಿಯ ಜಾಗ ಇರಬೇಕಿತ್ತು ಎಂದು. ನಾನು, ಮೊಯ್ರಾ ಗೆಲ್ಲಟ್ಲಿ, ತಿಳಿದೂ ತಿಳಿದೂ ಸುಮ್ಮನಿದ್ದೇನೆ. ಕೆಳಗೆ ತಾರೀಖು. ಆಗ ಕನಿಷ್ಠ ಏನು ಮಾಡುತ್ತಿದ್ದೇನೆಂದು ಗೊತ್ತಾಗುತ್ತಿತ್ತು.

*

ಗ್ರೆಗರ್ ಬೆಳಗಿನ ಸುತ್ತು ಮುಗಿಸಿ ಕೆಲವೊಮ್ಮೆ ಲಾರಿಯನ್ನು ದಂಡೆಯ ಮೇಲೆ ನಿಲ್ಲಿಸಿ ರೋಲ್ ತಿನ್ನಲು ಬರುತ್ತಿದ್ದ. ಅವತ್ತು ಬಂದಾಗ ಮೊಯ್ರಾ ಕಿಟಕಿಯ ಹಲಗೆಯ ಮೇಲೆ ನಾಲ್ಕು ಬಟ್ಟಲು ಜೋಡಿಸಿ ಸೂಪು ತುಂಬಿದಳು. ನೆಟ್ಟಿ ಒಳಗೆ ಈರುಳ್ಳಿ ಹೆಚ್ಚುತ್ತ, ನೋಡದವಳಂತೆ ನೋಡುತ್ತಿದ್ದಳು.

"ಇದು ಲಿಂಟ್ರೇಥನ್," ಎಂದಳು ಮೊಯ್ರಾ.

"ಬೇಳೆ ವಾಸನೆ ಬರ್ತಿದೆ."

"ಬಾಯಿ ಮುಚ್ಚಿ ನೋಡು. ನಾವು ಸಹಿ ಮಾಡಿದ್ರೆ ಹೀಗೆ." ಒಂದು ಬಟ್ಟಲನ್ನು ತೆಗೆದು ಅವನ ಕಡೆ ಸರಿಸಿದಳು. "ಒಂದು ಬಟ್ಟಲು ಹೋಯ್ತು. ಆದ್ರೆ ಅದರ ಸೂಪು ನಿಂದು, ಉಳಿದ ಮೂರೂ ಭರ್ತಿ." ಬಟ್ಟಲನ್ನು ಮತ್ತೆ ಸಾಲಿಗೆ ಸೇರಿಸಿದಳು. "ಸಹಿ ಮಾಡದೆ ಇದ್ರೆ ಹೀಗೆ." ನಾಲ್ಕರಿಂದಲೂ ಒಂದೊಂದು ಸೌಟು ತೆಗೆದು ತನ್ನ ಟೀ ಲೋಟಕ್ಕೆ ಸುರಿದಳು. ಹಲಗೆಯ ಮೇಲೂ ಸ್ವಲ್ಪ ಚೆಲ್ಲಿತು.

ಗ್ರೆಗರ್ ಬಟ್ಟಲುಗಳನ್ನು ನೋಡಿದ. "ನಾಲ್ಕೂ ಇದೆ."

"ಇದೆ. ಆದ್ರೆ ಒಳಗೆ ನೋಡು."

"ಒಂದೂ ಎಲ್ಲೂ ಹೋಗಿಲ್ಲ."

"ಸೂಪು ಹೋಯ್ತಲ್ಲೋ, ಮಹಾರಾಯ. ನನ್ನ ಲೋಟದಲ್ಲಿದೆ ನೋಡು."

ಟವೆಲ್ಲು ಸುತ್ತಿಕೊಂಡಿದ್ದ ಒಬ್ಬ ದಾದಿ ಹಲ್ಲು ಕಟಕಟಿಸುತ್ತ ಬಂದು, "ಆ ಸೂಪು ಮಾರಾಟಕ್ಕಿದ್ಯಾ?" ಎಂದು ಕೇಳಿದಳು. "ಇಲ್ಲ," ಎಂದ ಗ್ರೆಗರ್, ಅವಳ ಕಡೆ ನೋಡದೆ. ನೆಟ್ಟಿ ಒಳಗಿನಿಂದ ಬೇರೆ ಬಟ್ಟಲು ಕೊಟ್ಟು ಕಳಿಸಿದಳು.

"ಇದನ್ನ ಭಾನುವಾರ ಹೇಳ್ಬಹುದಿತ್ತು," ಎಂದ ಅವನು.

"ಹೇಳ್ದೆ."

"ಹೇಳಿದೆ. ತೋರಿಸ್ಲಿಲ್ಲ."

"ನಂಗೇ ಕಂಡಿರಲಿಲ್ಲ ಕಣೋ."

ಅದು ನಿಜವಾಗಿತ್ತೇ? ಮುಕ್ಕಾಲು ನಿಜ, ಈ ಬಟ್ಟಲುಗಳ ಹಾಗೆ. ಗ್ರೆಗರ್ ಬೆರಳಿನಿಂದ ಅವಳ ಲೋಟವನ್ನು ಮುಟ್ಟಿದ.

"ಇದನ್ನ ಏನು ಮಾಡ್ತೀಯ?"

ಅವಳು ಗೂಡಂಗಡಿಯ ಹಲಗೆ ಗೋಡೆಯ ಮೇಲೆ ಅಂಗೈ ಇಟ್ಟಳು. ಅವನು ತಲೆಯೆತ್ತಿ ಹಸಿರು ಬಣ್ಣವನ್ನು, ತಗಡಿನ ಮಾಡನ್ನು, ಈರುಳ್ಳಿಯ ಮುಂದೆ ತಲೆ ತಗ್ಗಿಸಿ ನಿಂತ ನೆಟ್ಟಿಯನ್ನು, ಯಾವತ್ತೂ ನೋಡದವನಂತೆ ನೋಡಿದ. ಮೊಯ್ರಾ ಏಪ್ರನ್ನಿನ ಜೇಬಿನಿಂದ ಕಾಗದ ತೆಗೆದು ಕೊಟ್ಟಳು. ಮರುಖರೀದಿ ಬೇಕೆಂದು ಗುರುತು ಹಾಕಿ, ತನ್ನ ಸಹಿಯನ್ನು ಆಗಲೇ ಮಾಡಿದ್ದಳು. ಅವನ ಹೆಸರಿನ ಮುಂದಿನ ಜಾಗ ಖಾಲಿಯಿತ್ತು.

"ನಿನ್ನದು ಹಾಕಿ ಅಂಚೆಗೆ ಹಾಕು. ಹಾಕದೆ ಇದ್ರೆ ಬಿಡು. ನಂಗೆ ಇದಕ್ಕಿಂತ ಸಮನಾಗಿ ನೋಡೋಕೆ ಬರಲ್ಲ."

ಅವನು ಕಾಗದವನ್ನು ಮಡಿಸಿ ಲಾರಿಯ ಮುಂಗಾಜಿನ ಬಳಿ ಇಟ್ಟುಕೊಂಡು ಹೊರಟುಹೋದ. ರೋಲ್ ಮರೆತಿದ್ದ.

"ಹುಚ್ಚಿ," ಎಂದಳು ನೆಟ್ಟಿ. "ಬೀಟ್‌ರೂಟ್ ಕಾಫಿ ಮಾಡೋದು ಕಲ್ತ್ಕೋ ಈಗ."

*

ಲಿಂಟ್ರೇಥನ್ನಿನವರು ಕೊಟ್ಟ ಗಡುವಿಗೆ ಮುಂಚಿನ ಕೊನೆಯ ಅಂಚೆಯ ದಿನ ಕಡಲಿನಿಂದ ಮಂಜು ಎದ್ದು ದಂಡೆಯನ್ನು ಮುಚ್ಚಿತ್ತು. ಆಚೆ ದಡದ ಫೈಫ್ ಇರಲಿ, ಈಚೆ ದಂಡೆಯ ಹಳೆಯ ಕೋಟೆಯೂ ಕಾಣುತ್ತಿರಲಿಲ್ಲ. ಹಿಂದಿನ ಭಾನುವಾರ ಗ್ರೆಗರ್ ಊಟಕ್ಕೆ ಬಂದಿರಲಿಲ್ಲ. ರಸ್ತೆ ಹಿಮಗಟ್ಟಿದೆ, ಕೆಲಸವಿದೆ ಎಂದು ಫೋನು ಮಾಡಿದ್ದ. ನಿಜಕ್ಕೂ ಹಿಮ ಬಿದ್ದಿತ್ತು, ಆದ್ದರಿಂದ ಅವಳಿಗೆ ಏನನ್ನೂ ತಿಳಿಯಲಾಗಲಿಲ್ಲ.

ಲಾರಿಯ ಹಳದಿ ದೀಪ ಮಂಜಿನೊಳಗೆ ತಿರುಗುತ್ತ ಬಂದು ನಿಂತಿತು. ಅವನು ಇಳಿದು ಬಂದು ಕಾಗದವನ್ನು ಹಲಗೆಯ ಮೇಲಿಟ್ಟ. ಖಾಲಿ ಜಾಗ ಖಾಲಿಯೇ ಇತ್ತು.

"ಓದ್ದೆ," ಎಂದ. "ಕುರ್ಚಿ ಕೆಳಗಿಂದ ಅದನ್ನೂ ತೆಗೆದು ಓದ್ದೆ. ಪಿಟ್‌ಕೆತ್ಲಿ ಹತ್ರನೂ ಹೋದೆ. ಇನ್ನೊಬ್ಬ ವಕೀಲನ ಹತ್ರ ಹೋಗು ಅಂದ."

"ನಂಗೂ ಅದೇ ಅಂದ."

"ಸಹಿ ಹಾಕಿದ್ರೆ ಅಮ್ಮನ ಷೇರು ಮಾರಿದೋನು ನಾನಾಗ್ತೀನಿ. ಹಾಕದೆ ಇದ್ರೆ ನನ್ನದನ್ನ ತಗೊಂಡೋಳು ನೀನಾಗ್ತೀಯ. ಎರಡರಲ್ಲಿ ಒಂದು ಆಗ್ಲೇಬೇಕು. ಎಷ್ಟು ಯೋಚನೆ ಮಾಡಿದ್ರೂ ಮೂರನೇದು ಸಿಗ್ಲಿಲ್ಲ."

"ದುಡ್ಡು ನಿನಗೆ ಬೇಡ್ವಾ?"

"ಬೇಕು." ಅವನ ಧ್ವನಿ ಗಡುಸಾಯಿತು. "ಬೇಡ ಅಂತ ತಿಳ್ಕೋಬೇಡ ಮೊಯ್ರಾ. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡ್ತಿದಾನೆ ಅಂತನೂ ತಿಳ್ಕೋಬೇಡ. ಅದು ನಮ್ಮಮ್ಮಂದು, ನಂಗೆ ಬರಬೇಕಾದ್ದು. ಲೆಕ್ಕ ಈಗ ಚೆನ್ನಾಗಿ ಗೊತ್ತಾಗಿದೆ. ಆದ್ರೂ ಪೆನ್ನು ಹಿಡಿದ್ರೆ ಕೈ ಬರ್ತಿಲ್ಲ. ಮಾರಿದೋನು ಅನ್ನಿಸ್ಕೊಂಡು ಬದುಕೋಕೆ ನನ್ನ ಕೈಲಿ ಆಗಲ್ಲ. ಪೆದ್ದುತನ ಅಂತ ಗೊತ್ತು." ಅವನು ಹಲಗೆಯ ಅಂಚನ್ನು ಹಿಡಿದುಕೊಂಡ. "ತಗೊಂಡೋಳು ಅನ್ನಿಸ್ಕೊಂಡು ಬದುಕೋಕೆ ನಿನ್ನ ಕೈಲಿ ಆಗತ್ತಾ? ಅದನ್ನ ಕೇಳೋಕೆ ಬಂದೆ. ಆಗಲ್ಲ ಅಂದ್ರೆ ಹೇಳು. ಇಲ್ಲೇ, ಈಗಲೇ ಕಣ್ಣು ಮುಚ್ಚಿ ಸಹಿ ಮಾಡ್ತೀನಿ."

ಮೊಯ್ರಾ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. ಅವನು ಜಗಳಾಡುತ್ತಾನೆ, ಇಲ್ಲವೇ ನಿನಗೇ ಇರಲಿ ಎಂದು ಹೇಳಿ ತನಗೆ ಅಳು ತರಿಸುತ್ತಾನೆ ಎಂದುಕೊಂಡಿದ್ದಳು. ಎರಡಕ್ಕೂ ಉತ್ತರ ಹೊಂದಿಸಿಕೊಂಡಿದ್ದಳು. ಆಗಲ್ಲ ಎಂದರೆ ಸಾಕು, ಒಳ್ಳೆಯವಳಾಗಿ ಉಳಿಯಬಹುದು, ಈ ಕಿಟಕಿಯಿಲ್ಲದೆ. ಆ ಒಳ್ಳೆಯವಳು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾಳೆಂದು ಯೋಚಿಸಿದಳು. ಮಂಜಿನೊಳಗೆ ಯಾರೋ ನೀರಿಗಿಳಿದು ಚೀರಿದರು, ಯಾರೋ ನಕ್ಕರು.

"ಆಗತ್ತೆ," ಎಂದಳು.

ಆ ಮಾತು ತನ್ನ ಬಾಯಿಂದಲೇ ಬಂತೆಂದು ಒಪ್ಪಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗ್ರೆಗರ್ ಅವಳನ್ನೇ ನೋಡುತ್ತಿದ್ದ. ಆ ಮುಖದಲ್ಲಿ ನಿರಾಳವಿತ್ತೋ ನಿರಾಸೆಯಿತ್ತೋ ಅವಳಿಗೆ ಓದಲಾಗಲಿಲ್ಲ. ಅವನು ತಲೆಯಾಡಿಸಿದ.

"ಸರಿ ಹಾಗಾದ್ರೆ. ಒಂದು ಬೇಕನ್ ರೋಲ್ ಕೊಡು."

ಅವಳು ಕೊಟ್ಟಳು. ಅವನು ಜೇಬಿಗೆ ಕೈಹಾಕಿದ. ಬೇಡ ಎನ್ನಲು ಹೋದವಳು, ಅಂಗಡಿ ಇನ್ನೂ ನೆಟ್ಟಿಯದೇ ಎಂದು ನೆನಪಾಗಿ, ನಾಣ್ಯಗಳನ್ನು ತೆಗೆದುಕೊಂಡಳು. ಅದು ತಪ್ಪಾಯಿತೇನೋ ಎಂದು ತಕ್ಷಣ ಅನ್ನಿಸಿತು. ಬೇಡವೆಂದಿದ್ದರೂ ತಪ್ಪೇ ಆಗುತ್ತಿತ್ತು. ಅವನು ಲಾರಿಯ ಹತ್ತಿರ ಹೋಗಿ, ಅವಳಿಗೆ ಬೆನ್ನು ಮಾಡಿ, ಕಡಲಿರಬೇಕಾದ ಕಡೆ ನೋಡುತ್ತ ತಿನ್ನತೊಡಗಿದ.

ಅಂಚೆಯ ವ್ಯಾನು ಬಂತು. ಅಂಚೆಯವನು ದಂಡೆಯ ಕೆಂಪು ಡಬ್ಬಿಯನ್ನು ತೆರೆದು, ಬರಿದು ಮಾಡಿ, ಬೀಗ ಹಾಕಿಕೊಂಡು ಹೋದ. ಕಾಗದ ಹಲಗೆಯ ಮೇಲೇ ಇತ್ತು, ಮೂಲೆಯಲ್ಲಿ ಎಣ್ಣೆಯ ಕಲೆಯಾಗುತ್ತ.

ನೆಟ್ಟಿ ಹಿಂದಿನಿಂದ ಬಂದು ಅವಳ ಭುಜದ ಮೇಲಿಂದ ಇಣುಕಿದಳು. "ಏನಾಯ್ತೇ?"

"ಏನೂ ಆಗ್ಲಿಲ್ಲ."

ನೆಟ್ಟಿ ಕಾಗದವನ್ನು ನೋಡಿದಳು, ಲಾರಿಯ ಬಳಿ ನಿಂತವನ ಬೆನ್ನನ್ನು ನೋಡಿದಳು. ದನಿ ತಗ್ಗಿಸಿದಳು. "ಹಾಗಾದ್ರೆ ಆ ಎಡಿನ್‌ಬರೋ ಹುಡುಗನಿಗೆ ಫೋನು ಮಾಡಿ ಬೇಡ ಅಂತ ಹೇಳ್ಬಿಡ್ಲಾ?"

"ಹೇಳು," ಎಂದಳು ಮೊಯ್ರಾ. ನೆಟ್ಟಿ ಫೋನು ಕೈಗೆತ್ತಿಕೊಂಡಾಗ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ತಾಳು. ಅವನು ತಿಂದು ಮುಗಿಸ್ಲಿ."